ಜ್ಯೂರಿಯಲ್ಲಿ ಬೇಡದವರು ಕೂತುಬಿಟ್ಟರೆ?

ಪ್ರಶ್ನೆ: ನನ್ನ ತಮ್ಮ ಟೆಕ್ಸಸ್‌ನಲ್ಲಿ ಗೋಡೌನ್ ಕೆಲಸ ಮಾಡುವಾಗ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ. ಕಾರ್ಮಿಕ ಪರಿಹಾರದ ಕೇಸು ಜಿಲ್ಲಾ ಕೋರ್ಟಿಗೆ ಹೋಗಿ ಜ್ಯೂರಿ (ತೀರ್ಮಾನ ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು) ಮುಂದೆ ಸೋತಿದ್ದಾನೆ. ಜ್ಯೂರಿ ಆರಿಸುವಾಗ ಒಬ್ಬರು ‘ಸೊಂಟನೋವು ಅಂತ ಬರೋರಲ್ಲಿ ಅರ್ಧ ಜನ ನಾಟಕ ಮಾಡ್ತಾರೆ’ ಅಂದಿದ್ದರಂತೆ. ಅವರನ್ನು ಕೈಬಿಡಿ ಎಂದು ವಕೀಲರು ಕೇಳಿದರೂ ಜಡ್ಜ್ ಒಪ್ಪಲಿಲ್ಲ. ಅಪೀಲಿಗೆ ಇಷ್ಟು ಸಾಕಲ್ವಾ?

ಉತ್ತರ: ಇಷ್ಟೇ ಆದರೆ ಸಾಲದು. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಂಥ ಕೇಸಿಗೆ ಜ್ಯೂರಿಯೇ ಇಲ್ಲ. ಟೆಕ್ಸಸ್, ಒಹಾಯೊ, ವಾಷಿಂಗ್ಟನ್ ಥರದ ಕೆಲವು ಕಡೆ ಮಾತ್ರ ಇದೆ. ಇರಲಿ, ಆ ವ್ಯಕ್ತಿ ಕೊನೆಗೆ ಜ್ಯೂರಿಯಲ್ಲಿ ಕೂತರಾ ಇಲ್ವಾ, ಅದನ್ನು ನೀವು ಬರೆದಿಲ್ಲ. ಕೂತಿದ್ದರೆ ನಿಮ್ಮ ಕೇಸು ಗಟ್ಟಿ ಅಂದುಕೊಂಡಿರಬಹುದು. ಟೆಕ್ಸಸ್‌ನಲ್ಲಿ ಅದು ಉಲ್ಟಾ. ಅಲ್ಲಿ ಜಿಲ್ಲಾ ಕೋರ್ಟಿನಲ್ಲಿ ಪ್ರತಿ ಕಡೆಯವರಿಗೂ ಕಾರಣ ಹೇಳದೆ 6 ಜನರನ್ನು ಜ್ಯೂರಿಯಿಂದ ಬಿಡಿಸುವ ಹಕ್ಕಿದೆ. ‘ಜಡ್ಜ್ ಒಪ್ಪದಿದ್ದರೆ ಅದರಲ್ಲೊಂದನ್ನು ನೀವೇ ಯಾಕೆ ಬಳಸಲಿಲ್ಲ?’ ಎಂದು ಅಪೀಲು ಕೋರ್ಟು ಕೇಳುತ್ತದೆ.

ಟೆಕ್ಸಸ್ ಸುಪ್ರೀಂ ಕೋರ್ಟ್ 2005ರ ಕಾರ್ಟೆಜ್ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಆ ವ್ಯಕ್ತಿಯ ಮೇಲೆ ನಿಮ್ಮ ಹಕ್ಕು ಬಳಸಬೇಕು, ಉಳಿದವೂ ಖರ್ಚಾಗಬೇಕು, ಆಮೇಲೆ ಜ್ಯೂರಿ ಕೂರುವ ಮೊದಲೇ ‘ನನ್ನ ಹಕ್ಕು ಮುಗೀತು, ಅದಕ್ಕೇ ಬೇಡವಾದ ಇಂಥವರು ಉಳಿದುಬಿಟ್ಟರು’ ಎಂದು ಜಡ್ಜ್‌ಗೆ ಗುರುತಿಸಿ ಹೇಳಬೇಕು. ಇದೆಲ್ಲ ಕೋರ್ಟ್ ರಿಪೋರ್ಟರ್ ಟೈಪ್ ಮಾಡಿದ ದಾಖಲೆಯಲ್ಲಿ ಇರಬೇಕು. ಜಡ್ಜ್ ಹತ್ತಿರ ಹೋಗಿ ಪಿಸುಗುಟ್ಟಿ ಬಂದಿದ್ದರೆ ಆ ಮಾತು ಆಡಿಯೇ ಇಲ್ಲ ಅಂತ ಲೆಕ್ಕ.

ಇನ್ನೊಂದು ತೊಡಕಿದೆ. ಅದೇ ಕಾರ್ಟೆಜ್ ಕೇಸಿನಲ್ಲಿ, ಜ್ಯೂರಿಗೆ ಕರೆದವರಲ್ಲಿ ಹಿಂದೆ ಇನ್ಶೂರೆನ್ಸ್ ಕ್ಲೇಮ್ ನೋಡುತ್ತಿದ್ದವರೊಬ್ಬರು ಒಂದು ಕಡೆ ಸ್ವಲ್ಪ ಒಲವಿದೆ ಎಂಬಂತೆ ಮಾತಾಡಿದ್ದರು. ಅವರನ್ನು ಕೈಬಿಡಲು ಅದೂ ಸಾಲದು ಅಂದಿತು ಕೋರ್ಟು. ಹಾಗಾಗಿ ‘ನಾಟಕ’ ಎಂದವರು ಮುಂದಿನ ಪ್ರಶ್ನೆಗಳಿಗೆ ಏನು ಉತ್ತರ ಕೊಟ್ಟರು ಅನ್ನೋದು ಮುಖ್ಯ. ಮೊದಲು ಆ ದಿನದ ದಾಖಲೆ ತರಿಸಿ ಓದಿಸಿ. ಬೇಗ ಮಾಡಿ, ತೀರ್ಪಿಗೆ ಸಹಿ ಬಿದ್ದ 30 ದಿನದೊಳಗೆ ಅಪೀಲಿನ ನೋಟಿಸ್ ಕೊಡಬೇಕಾಗುತ್ತದೆ.

ಪ್ರಶ್ನೆ: ಕಾರಣ ಹೇಳದೆ ಬಿಡಿಸಬಹುದು ಅಂದರೆ ಕಪ್ಪು ಜನರನ್ನೆಲ್ಲ ಬಿಡಿಸಿಬಿಡಬಹುದಾ?

ಉತ್ತರ: ಇಲ್ಲ. ಲೂಸಿಯಾನಾದಲ್ಲಿ ಟ್ರಕ್ಕೊಂದು ಹಿಂದಕ್ಕೆ ಉರುಳಿ ಎಡ್ಮನ್‌ಸನ್ ಎಂಬ ಕಟ್ಟಡ ಕಾರ್ಮಿಕನಿಗೆ ಪೆಟ್ಟಾಗಿತ್ತು. (ಅದು ಕಾರ್ಮಿಕ ಪರಿಹಾರದ ಕೇಸಲ್ಲ, ಕಾಂಕ್ರೀಟ್ ಕಂಪನಿ ಮೇಲೆ ಹಾಕಿದ ನಿರ್ಲಕ್ಷ್ಯದ ದಾವೆ.) ಕಂಪನಿ ಆ ಕೋರ್ಟಿನಲ್ಲಿ ತನಗಿದ್ದ 3 ಹಕ್ಕುಗಳಲ್ಲಿ 2 ಬಳಸಿ ಕಪ್ಪು ಜನರನ್ನು ತೆಗೆಸಿತು. ಕಾರ್ಮಿಕನ ಕಡೆಯವರು ಸುಮ್ನೆ ಕೂರಲಿಲ್ಲ, ‘ಬಣ್ಣ ಬಿಟ್ಟು ಬೇರೆ ಕಾರಣ ಇದ್ದರೆ ಹೇಳಲಿ’ ಎಂದು ಅಲ್ಲೇ ಕೇಳಿದರು. ಜಡ್ಜ್ ಒಪ್ಪಲಿಲ್ಲ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಸಿವಿಲ್ ಕೇಸಿನಲ್ಲೂ ಹೀಗೆ ಮಾಡುವ ಹಾಗಿಲ್ಲ ಎಂದು ಹೇಳಿ ಕೇಸನ್ನು ವಾಪಸ್ ಕಳಿಸಿತು.