ಐದು ದಿನದ ಕ್ಲಾಸಿಗೆ ಗೊತ್ತಿಲ್ಲದ ಊರಿಗೆ ಹೋಗ್ತಿದೀನಿ, ರೂಮ್ ಎಲ್ಲಿ ಮಾಡೋದು, ಯಾವಾಗ ಹೊರಡೋದು?

ನೀವು ಹೇಳಿರೋದು ಇಷ್ಟು: ಕ್ಲಾಸು ಸೋಮವಾರದಿಂದ ಶುಕ್ರವಾರ, ಬೆಳಿಗ್ಗೆ 9ರಿಂದ ಸಂಜೆ 5, ಒಬ್ಬರೇ ಹೋಗ್ತಿದೀರ, ಊರು ಹೊಸದು, ಊರ ಮಧ್ಯೆ ಇರೋ ಒಳ್ಳೆ ಹೋಟೆಲ್ ಹಿಡಿಯೋದಾ ಇಲ್ಲಾ ದೂರದಲ್ಲಿ ಕಮ್ಮಿಗೆ ಸಿಗೋದಾ ಅಂತ. ನನ್ನ ಕೇಳಿದ್ರೆ ಎರಡೂ ಬೇಡ. ಕ್ಲಾಸ್ ನಡೆಯೋ ಬಿಲ್ಡಿಂಗಿಂದ 15 ನಿಮಿಷ ನಡ್ಕೊಂಡು ಹೋಗೋವಷ್ಟು ದೂರದಲ್ಲಿ ಏನು ಸಿಗತ್ತೋ ಅದನ್ನ ಮೊದಲು ನೋಡಿ, ಸ್ವಲ್ಪ ಹಳೇದಾಗಿರ್ಲಿ, ಫೋಟೋದಲ್ಲಿ ಅಷ್ಟು ಚೆನ್ನಾಗಿ ಕಾಣದೇ ಇರ್ಲಿ, ಪರವಾಗಿಲ್ಲ. ನಾನು ಕೈಕೆಲಸದ ಕ್ಲಾಸುಗಳಿಗೆ ಅಂತ ಸುಮಾರು ಊರು ಸುತ್ತಿದೀನಿ, ಈಗ ನಾವೊಂದಿಷ್ಟು ಜನ ಸೇರಿ ಕ್ಲಾಸ್ ನಡೆಸ್ತೀವಿ, ಹೊರಗಡೆಯಿಂದ ಬರೋವ್ರಿಗೆ ರೂಮ್ ಹುಡುಕಿಕೊಡೋ ಕೆಲಸ ನಂದೇ.

ಸುತ್ತಾಡೋಕೆ ಹೋದವ್ರು ಹತ್ತು ಗಂಟೆಗೆ ಹೊರಟ್ರೂ ನಡೆಯತ್ತೆ, ಕ್ಲಾಸಿಗೆ ಹೋದವ್ರಿಗೆ ಆಗಲ್ಲ. ನೀವು ಹೊರಡೋ ಹೊತ್ತಿಗೇ ಇಡೀ ಊರು ಕೆಲಸಕ್ಕೆ ಹೊರಟಿರತ್ತೆ, ರಾತ್ರಿ ಹತ್ತು ಗಂಟೆಗೆ ಮ್ಯಾಪ್ ತೆಗೆದು ನೋಡಿ 20 ನಿಮಿಷ ಅಂತ ಖುಷಿಪಟ್ಟಿರ್ತೀವಲ್ಲ, ಅದೇ ದಾರಿ ಬೆಳಿಗ್ಗೆ ಎಂಟೂವರೆಗೆ ಒಂದು ಗಂಟೆ ತಗೊಂಡ್ರೂ ತಗೊಳ್ಳತ್ತೆ. ನಡೆಯೋ ದೂರ ಆಗ್ಲೇ ಇಲ್ಲ ಅಂದ್ರೆ ಗೂಗಲ್ ಮ್ಯಾಪ್ಸಲ್ಲಿ ತಲುಪಬೇಕಾದ ಟೈಮ್ ಹಾಕೋ ಆಯ್ಕೆ ಇದೆ, ಅಲ್ಲಿ ಸೋಮವಾರ ಬೆಳಿಗ್ಗೆ 8:45 ಅಂತ ಕೊಟ್ಟು ನೋಡಿ, ಆಗ ನಿಜ ಗೊತ್ತಾಗತ್ತೆ. ಮತ್ತೆ ಮಧ್ಯೆ ಬಸ್ಸೋ ಟ್ರೇನೋ ಬದಲಾಯಿಸಬೇಕಾಗಿರೋ ಜಾಗಕ್ಕಿಂತ, ಸ್ವಲ್ಪ ದೂರ ಆದ್ರೂ ಒಂದೇ ಲೈನಲ್ಲಿ ನೇರ ಬಂದಿಳಿಯೋ ಜಾಗ ಎಷ್ಟೋ ವಾಸಿ.

ಬುಕಿಂಗ್ ಸೈಟಲ್ಲಿ 800 ಮೀಟರ್ ಅಂತ ಬರೆದಿರೋದನ್ನ ಹಾಗೇ ನಂಬಬೇಡಿ. ಎಷ್ಟೋ ಸಲ ಅದು ಹಕ್ಕಿ ಹಾರೋ ದೂರ. ಒಂದ್ಸಲ ನಾನು ಹಾಗೇ ನಂಬಿ ರೂಮ್ ಮಾಡಿದ್ದೆ, ಮಧ್ಯೆ ರೈಲ್ವೆ ಹಳಿ, ದಾಟೋ ಸೇತುವೆ ಎಲ್ಲೋ ಆ ಕಡೆ, ಐದೂ ದಿನ ಬೆಳಿಗ್ಗೆ ಮಳೇಲಿ ಸಾಮಾನು ಹೊತ್ಕೊಂಡು 35 ನಿಮಿಷ ನಡೆದೆ, ಮಧ್ಯಾಹ್ನದ ಹೊತ್ತಿಗೆ ಕೈ ನಡುಗ್ತಿತ್ತು, ಕಲಿಯೋಕೆ ಅಂತ ಅಷ್ಟು ದೂರದಿಂದ ಹೋಗಿ ಅರ್ಧ ತಲೆಗೆ ಹತ್ತಲಿಲ್ಲ. ಅದಕ್ಕೇ ಮ್ಯಾಪಲ್ಲಿ ನಡಿಗೆ ದಾರಿ ಹಾಕಿ ನೋಡಿ ಅನ್ನೋದು. ಆರಾಮಾಗಿ ನಡೆದ್ರೆ ಗಂಟೆಗೆ 5 ಕಿಲೋಮೀಟರ್ ಅಂತಿಟ್ಕೊಳ್ಳಿ, 15 ನಿಮಿಷಕ್ಕೆ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ.

ಅದಕ್ಕೂ ಮೊದಲು ಅಡ್ರೆಸ್ ಸರಿಯಾಗಿ ಕೇಳ್ಕೊಳ್ಳಿ. ನಡೆಸೋವ್ರು ಕಳಿಸೋ ಮೇಲ್‌ನಲ್ಲಿ ಒಮ್ಮೊಮ್ಮೆ ಅವರ ಆಫೀಸಿನ ಅಡ್ರೆಸ್ ಇರತ್ತೆ, ಕ್ಲಾಸ್ ಇನ್ನೆಲ್ಲೋ ನಡೀತಿರತ್ತೆ. ದೊಡ್ಡ ಕ್ಯಾಂಪಸ್ ಆದ್ರಂತೂ ಯಾವ ಗೇಟು, ಆ ಗೇಟ್ ಬೆಳಿಗ್ಗೆ ಎಷ್ಟೊತ್ತಿಗೆ ತೆಗೀತಾರೆ, ಗೇಟಿಂದ ಒಳಗೆ ಎಷ್ಟು ನಡೀಬೇಕು ಅಂತ ಕೇಳಿ. ಹೀಗೆ ಕೇಳೋಕೆ ಸಂಕೋಚ ಬೇಡ, ಕೇಳಿದ್ರೆ ನಮಗೂ ಖುಷಿನೇ. ಇನ್ನೊಂದು, ಜನ ಸಾಲದೇ ಕ್ಲಾಸ್ ಕ್ಯಾನ್ಸಲ್ ಆಗೋದು ನಡೀತಾನೇ ಇರತ್ತೆ. ಯಾವ ತಾರೀಕಿಗೆ ನಿಮ್ಗೆ ಪಕ್ಕಾ ಆಗತ್ತೆ ಅಂತ ಕೇಳಿ, ಅಲ್ಲಿವರೆಗೆ ಫ್ರೀ ಕ್ಯಾನ್ಸಲ್ ಇರೋ ರೂಮ್ ಮಾತ್ರ ಬುಕ್ ಮಾಡಿ, ಸ್ವಲ್ಪ ಜಾಸ್ತಿ ಕೊಟ್ರೂ ಸರಿ.

ಹೊರಡೋದು ಯಾವಾಗ ಅಂದ್ರೆ, ಭಾನುವಾರ ರಾತ್ರಿ ತಲುಪೋ ಪ್ಲಾನ್ ಇದ್ರೆ ಬಿಟ್ಟುಬಿಡಿ, ಶನಿವಾರವೇ ಹೋಗಿ. ಹೊಸ ಜಾಗದಲ್ಲಿ ಮೊದಲ್ನೇ ರಾತ್ರಿ ನಿದ್ದೆ ಸರಿಯಾಗಿ ಬರಲ್ಲ ಅಂತಾರಲ್ಲ, ಅದು ಬರೀ ಮನಸ್ಸಿನ ಭ್ರಮೆ ಅಲ್ಲ. ಅಮೆರಿಕದ ಬ್ರೌನ್ ಯೂನಿವರ್ಸಿಟಿಯವ್ರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಜಾಗದಲ್ಲಿ ಮಲಗಿದ ಮೊದಲ ರಾತ್ರಿ ಮೆದುಳಿನ ಒಂದು ಭಾಗ, ಎಡಗಡೆದು, ಇನ್ನೊಂದರಷ್ಟು ಆಳವಾಗಿ ಮಲಗದೇ ಕಾವಲು ಕೂತಂಗೆ ಇರತ್ತೆ, ಸಣ್ಣ ಸದ್ದಿಗೂ ಎಚ್ಚರ ಆಗತ್ತೆ ಅಂತ ಕಂಡಿತ್ತು. ಅಂಥ ರಾತ್ರಿ ಭಾನುವಾರಕ್ಕೆ ಬಂದ್ರೆ ಸೋಮವಾರದ ಕ್ಲಾಸ್ ಹಾಳು, ಅದೇ ದಿನ ಪಾಯ ಹಾಕೋದು, ಸೋಮವಾರ ತೂಕಡಿಸಿದವ್ರು ಗುರುವಾರದವರೆಗೂ ಪಕ್ಕದವ್ರ ಕೈ ನೋಡ್ತಾ ಇರೋದನ್ನ ನಾನು ಎಷ್ಟು ಸಲ ನೋಡಿದೀನೋ, ಹೊಟ್ಟೆ ಉರಿಯತ್ತೆ, ಪಾಪ ಎಷ್ಟು ಆಸೆಯಿಂದ ಬಂದಿರ್ತಾರೆ. ಶನಿವಾರ ಹೋದ್ರೆ ಭಾನುವಾರ ಸಂಜೆ ಬ್ಯಾಗ್ ಹಾಕ್ಕೊಂಡು ಕ್ಲಾಸಿನ ಬಾಗಿಲವರೆಗೆ ಒಂದ್ಸಲ ನಡೆದು ಬರಬಹುದು, ಇದನ್ನಂತೂ ಮಾಡ್ಲೇಬೇಕು. ಬೇರೆ ದೇಶಕ್ಕೆ ಹೋಗ್ತಿದ್ರೆ ಟೈಮ್ ವ್ಯತ್ಯಾಸಕ್ಕೆ ಒಗ್ಗೋಕೆ ಒಂದು ಗಂಟೆಗೆ ಸುಮಾರು ಒಂದು ದಿನ ಅಂತ ಲೆಕ್ಕ, ಪೂರ್ವಕ್ಕೆ ಹೋಗೋದು ಪಶ್ಚಿಮಕ್ಕೆ ಹೋಗೋದಕ್ಕಿಂತ ಕಷ್ಟ.

ರೂಮಲ್ಲಿ ಏನು ನೋಡ್ಬೇಕು ಅಂದ್ರೆ ನನಗೆ ಮೂರೇ: ಒಂದು ಮೇಜು, ಅದರ ಮೇಲೆ ಬೀಳೋ ಸರಿಯಾದ ಲೈಟು, ಮತ್ತೆ ಸದ್ದಿಲ್ಲದ ರಾತ್ರಿ. ರಿವ್ಯೂಗಳಲ್ಲಿ ಇತ್ತೀಚಿನವು ಮಾತ್ರ ಓದಿ, ಅದರಲ್ಲೂ ಸದ್ದಿನ ಬಗ್ಗೆ ಬರೆದಿರೋದು ಹುಡುಕಿ. ಬುಕ್ ಮಾಡೋವಾಗಲೇ ರಸ್ತೆ ಕಡೆ ಬೇಡ, ಲಿಫ್ಟ್ ಪಕ್ಕ ಬೇಡ ಅಂತ ಬರೆದುಬಿಡಿ. ಒಬ್ಬರೇ ಇರ್ತೀರ, ಚಳಿಗಾಲ ಆದ್ರೆ ವಾಪಸ್ ಬರೋ ಹೊತ್ತಿಗೆ ಕತ್ತಲಾಗಿರತ್ತೆ, ಹಾಗಾಗಿ ರಾತ್ರಿ ರಿಸೆಪ್ಷನ್‌ನಲ್ಲಿ ಜನ ಇರ್ತಾರಾ, ದಾರೀಲಿ ಬೀದಿದೀಪ ಇದೆಯಾ ಅಂತ ಫೋನ್ ಮಾಡಿ ಕೇಳಿ.

ದುಡ್ಡು ಬಿಗಿ ಇದ್ರೆ ಊರು ಸುತ್ತೋವ್ರು ಕಮ್ಮಿ ದುಡ್ಡಿಗೆ ಉಳಿಯೋ ಹಾಸ್ಟೆಲ್ ಅನ್ನೋದನ್ನ ತಳ್ಳಿಹಾಕಬೇಡಿ. ಯೂತ್ ಹಾಸ್ಟೆಲ್ ಶುರುವಾಗಿದ್ದೇ ಒಬ್ಬ ಮೇಷ್ಟ್ರಿಂದ, ಜರ್ಮನಿಯ ರಿಚರ್ಡ್ ಶಿರ್‌ಮನ್ ಅಂತ, 1909ರಲ್ಲಿ ಮಕ್ಕಳನ್ನ ಕರ್ಕೊಂಡು ಹೋಗಿದ್ದಾಗ ಗುಡುಗು ಮಳೆಗೆ ಸಿಕ್ಕಿ ಒಂದು ಶಾಲೆಯಲ್ಲಿ ರಾತ್ರಿ ಕಳೆದ್ರು, ಅಲ್ಲಿಂದಲೇ ಆ ಯೋಚನೆ ಹುಟ್ಟಿದ್ದು. ಆದ್ರೆ ಕ್ಲಾಸಿಗೆ ಹೋಗೋವ್ರು ಹತ್ತು ಜನ ಮಲಗೋ ಡಾರ್ಮಿಟರಿ ತಗೋಬೇಡಿ, ಕೆಲವು ಹಾಸ್ಟೆಲಲ್ಲಿ ಸಿಂಗಲ್ ರೂಮೂ ಇರತ್ತೆ ಕೇಳಿ. ಇಲ್ಲಾಂದ್ರೆ ಕ್ಲಾಸ್ ನಡೆಸೋವ್ರಿಗೆ, ಹೊರಗಡೆಯಿಂದ ಬರೋವ್ರು ಇನ್ಯಾರಾದ್ರೂ ರೂಮ್ ಹಂಚ್ಕೊಳ್ಳೋಕೆ ರೆಡಿ ಇದಾರಾ ಅಂತ ಒಂದು ಮೇಲ್ ಹಾಕಿ, ನಮ್ಮಲ್ಲಿ ಹಾಗೆ ಜೊತೆಗಿದ್ದವ್ರು ಇವತ್ತಿಗೂ ಸ್ನೇಹಿತರು.

ಶುಕ್ರವಾರದ ಬಗ್ಗೆ ಎಲ್ಲರೂ ಮರೀತಾರೆ. ಅವತ್ತೇ ರೂಮ್ ಬಿಡೋದಾದ್ರೆ, ಚೆಕ್‌ಔಟ್ ಹೆಚ್ಚಾಗಿ ಹನ್ನೊಂದು ಹನ್ನೆರಡಕ್ಕೆ, ಕ್ಲಾಸ್ ಐದಕ್ಕೆ, ಅಷ್ಟು ಹೊತ್ತು ಲಗೇಜ್ ಇಟ್ಕೋತೀರಾ ಅಂತ ಹಿಂದಿನ ದಿನವೇ ಕೇಳಿ. ಆದ್ರೆ ಆದಷ್ಟು ವಾಪಸ್ ಟಿಕೆಟ್ ಸಂಜೆ ಆರಕ್ಕೆ ಮಾಡಬೇಡಿ ದಯವಿಟ್ಟು, ಶನಿವಾರ ಬೆಳಿಗ್ಗೆಗೆ ಮಾಡಿ, ಯಾಕಂದ್ರೆ ಕೊನೇ ದಿನ ಕ್ಲಾಸ್ ಮುಗಿದ್ಮೇಲೆ ಕಲಿಸೋವ್ರು ಆರಾಮಾಗಿ ಕೂತ್ಕೊಂಡು ನಿಮ್ಮ ಕೆಲಸ ಕೈಗೆ ತಗೊಂಡು ನೋಡಿ ಮಾತಾಡೋ ಹೊತ್ತದು, ಆಗ ನೀವು ಗಡಿಯಾರ ನೋಡ್ತಾ ಬಾಗಿಲ ಹತ್ರ ನಿಂತಿರಬಾರ್ದು.