ಅಡಿಕೆ ಕೊಯ್ಲಿನವರೆಗೆ ಕ್ರೆಡಿಟ್ ಕಾರ್ಡ್ ಬಾಕಿ ಇಟ್ಟುಕೊಳ್ಳಬಹುದೇ?

ಶಿವಮೊಗ್ಗದ ಕೆಲಸ ಹೋಗಿದೆ, ಕಾರ್ಡಿನಲ್ಲಿ 80,000 ರೂಪಾಯಿ ಬಾಕಿಯಿದೆ, ತೀರ್ಥಹಳ್ಳಿಯ ತೋಟದ ಅಡಿಕೆ ಕೈಗೆ ಬರುವವರೆಗೆ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರೆ ಸಾಕೇ, ಇಲ್ಲವಾದರೆ ಜೈಲಾಗುತ್ತದೆಯೇ ಎಂದು ಕೇಳಿದ್ದೀರಿ. ಕನಿಷ್ಠ ಮೊತ್ತ ಸಾಲದು. ದಯವಿಟ್ಟು ಅದನ್ನು ನೆಚ್ಚಿಕೊಂಡು ಕೂರಬೇಡಿ.

ನಾನು ಸಾಗರದ ಕಡೆಯ ಸಹಕಾರ ಸಂಘವೊಂದರಲ್ಲಿ ಸಾಲದ ಲೆಕ್ಕ ನೋಡುತ್ತೇನೆ. ಬೆಳೆ ಬಂದಾಗ ಸಾಲ ತೀರಿಸುವುದು ನಮ್ಮ ಮಲೆನಾಡಿನ ರೂಢಿ; ಬೆಳೆಸಾಲಕ್ಕೆ ಅದು ಸರಿ. ಕಾರ್ಡಿನ ಬಡ್ಡಿ ಹಾಗಲ್ಲ, ದಿನಲೆಕ್ಕದಲ್ಲಿ ಏರುತ್ತದೆ. ತಿಂಗಳಿಗೆ ಶೇ 3.5 ಎಂದಿಟ್ಟುಕೊಂಡರೂ ನಿಮ್ಮ ಬಾಕಿಗೆ 2,800 ರೂಪಾಯಿ ಬಡ್ಡಿ, ಅದರ ಮೇಲೆ ಶೇ 18ರಂತೆ 504 ರೂಪಾಯಿ ಜಿಎಸ್‌ಟಿ. ಕನಿಷ್ಠ ಮೊತ್ತವೆಂದು ಬಾಕಿಯ ಶೇ 5ರಂತೆ ನೀವು 4,000 ಕಟ್ಟಿದರೆ ಅಸಲಿಗೆ ಜಮೆಯಾಗುವುದು ಬರೀ 696. ಹಳೆಯ ಬಾಕಿ ಇರುವಾಗ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ. ಕಾರ್ಡ್ ಬಳಕೆ ಇವತ್ತೇ ನಿಲ್ಲಿಸಿ. ಇಷ್ಟಾಗಿ, ಮಳೆಗಾಲದಲ್ಲಿ ಕೊಳೆರೋಗ ಬಿದ್ದರೆ ನೀವು ನಂಬಿರುವ ಫಸಲೇ ಕೈಕೊಡಬಹುದು.

ಗಡುವು ಮೀರುವ ಮೊದಲೇ ಬ್ಯಾಂಕಿಗೆ ಇಮೇಲ್ ಬರೆಯಿರಿ. ಕೆಲಸ ಹೋಗಿರುವುದನ್ನು ತಿಳಿಸಿ, ಬಾಕಿಯನ್ನು ಕಡಿಮೆ ಬಡ್ಡಿಯ ಮಾಸಿಕ ಕಂತುಗಳಾಗಿ ಪರಿವರ್ತಿಸಲು ಕೇಳಿ. ಫೋನಿನ ಮಾತಿಗೆ ದಾಖಲೆ ಇರುವುದಿಲ್ಲ. ಮನೆಯಲ್ಲಿ ಚಿನ್ನವಿದ್ದು ಹಿರಿಯರು ಒಪ್ಪಿದರೆ, ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಅಡವಿಟ್ಟು ಕಾರ್ಡನ್ನು ಚುಕ್ತಾ ಮಾಡುವುದು ಇನ್ನೂ ಒಳ್ಳೆಯದು. ಒಡವೆ ಸಾಲದ ಬಡ್ಡಿ ಕಾರ್ಡಿನದಕ್ಕಿಂತ ಎಷ್ಟೋ ಕಡಿಮೆ. ಅಪ್ಪ ಅಮ್ಮನಿಗೆ ಹೇಳಲು ಸಂಕೋಚವಾಗುತ್ತದೆ, ನಿಜ. ಆದರೂ ವಸೂಲಿಯವರ ಬಾಯಿಂದ ಕೇಳುವ ಬದಲು ಅವರು ನಿಮ್ಮಿಂದಲೇ ತಿಳಿಯಲಿ.

ಅರ್ಧಕ್ಕೆ ಮುಗಿಸಿಕೊಡುತ್ತೇವೆ ಎಂಬ ಸೆಟ್ಲ್‌ಮೆಂಟ್ ಕೊನೆಯ ದಾರಿ. ಅದು ನಿಮ್ಮ ಸಾಲದ ಚರಿತ್ರೆ ತೋರಿಸುವ ಸಿಬಿಲ್ ವರದಿಯಲ್ಲಿ ದಾಖಲಾಗಿ ಮುಂದಿನ ಸಾಲಗಳಿಗೆ ಅಡ್ಡ ಬರುತ್ತದೆ.

ಹಣವಿಲ್ಲದೆ ಬಿಲ್ ಕಟ್ಟಲಾಗದಿದ್ದರೆ ಅದು ಸಿವಿಲ್ ವಿಚಾರ, ಅಷ್ಟಕ್ಕೇ ಜೈಲಿಲ್ಲ. ಆದರೆ ಚೆಕ್ ಬೌನ್ಸ್ ಆದರೆ ಕ್ರಿಮಿನಲ್ ಪ್ರಕರಣವಾಗಬಹುದು. ಯಾರು ಎಷ್ಟೇ ಒತ್ತಾಯಿಸಿದರೂ ಖಾಲಿ ಚೆಕ್ ಕೊಡಬೇಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ ವಸೂಲಿಯವರು ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ, ಮನೆಯವರನ್ನು ಬೆದರಿಸುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ಮಾಹಿತಿಗೆ 14448ಕ್ಕೆ ಕರೆ ಮಾಡಿ.