ಮಡಚುವ ಓದುಮೇಜು: ಹಲಗೆಗಿಂತ ಮೊದಲು ಗೋಡೆಯನ್ನು ನೋಡಿ

ಪ್ರಶ್ನೆ: ವಿರಾಜಪೇಟೆ ಸಮೀಪ ನಮ್ಮದು ಹಳೆಯ ಮನೆ. ಪಿಯುಸಿ ಓದುತ್ತಿರುವ ಮಗಳ ಕೋಣೆ 8 ಅಡಿಗೆ 7 ಅಡಿ. ಮಂಚ ಹಾಕಿದ ಮೇಲೆ ಮೇಜಿಗೆ ಜಾಗವಿಲ್ಲದ್ದರಿಂದ ಗೋಡೆಗೆ ಮಡಚಿಡುವ ಹಲಗೆ ಮಾಡಿಸಬೇಕೆಂದಿದ್ದೇವೆ. ಕಿಟಕಿಯಿರುವ ಪಶ್ಚಿಮದ ಗೋಡೆ ಮಣ್ಣಿನದು. ಉತ್ತರದ ಗೋಡೆಯನ್ನು ಈಚೆಗೆ ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿಸಿದ್ದು, ಅದರಾಚೆ ಇನ್ನೊಂದು ಕೋಣೆಯಿದೆ. ಕಿಟಕಿಯ ಕೆಳಗೆ ಹಲಗೆ ಕೂರಿಸಿ, ಇಕ್ಕೆಲದಿಂದ ಸರಪಳಿ ಕಟ್ಟಿದರೆ ಸಾಕೆಂದು ಆಚಾರಿ ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಕೊಯ್ಸಿದ ತೋಟದ ಸಿಲ್ವರ್ ಓಕ್ ಹಲಗೆಗಳೂ ಇವೆ. ಬಳಸಬಹುದೇ?
— ಓದುಗರೊಬ್ಬರು, ಕೊಡಗು

ಉತ್ತರ: ಕಿಟಕಿಯ ಕೆಳಗಿನ ಜಾಗವನ್ನು ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಗಾಳಿಯೊಡನೆ ಮಳೆ ಬಂದು ಬಡಿಯುವುದು ಪಶ್ಚಿಮದ ಗೋಡೆಗೇ. ಅದರಲ್ಲೂ ಮಣ್ಣಿನ ಗೋಡೆಯಾದರೆ ಸ್ಕ್ರೂ ಹಿಡಿಯಲೆಂದು ಒಳಗೆ ಹೊಡೆದ ಪ್ಲಗ್ಗು ಹಿಡಿತ ಕಳೆದುಕೊಳ್ಳುತ್ತದೆ, ಮಡಚಿಟ್ಟ ಹಲಗೆಯ ಹಿಂದೆ ಗಾಳಿಯಾಡದೆ ಬೂಷ್ಟು ಕಟ್ಟುತ್ತದೆ. ಉತ್ತರದ ಗೋಡೆಯಲ್ಲಿ, ಕಿಟಕಿಗೆ ಹತ್ತಿರವಾಗಿ ಹಲಗೆ ಕೂರಿಸಿದರೆ ಬೆಳಕು ಎಡಗಡೆಯಿಂದ ಬೀಳುತ್ತದೆ. ಮಗಳು ಬಲಗೈಯಲ್ಲಿ ಬರೆಯುವವಳಾದರೆ ಇದಕ್ಕಿಂತ ಅನುಕೂಲದ ಜಾಗ ಆ ಕೋಣೆಯಲ್ಲಿ ಇರಲಾರದು. ಆ ಗೋಡೆಯ ಬಗ್ಗೆಯೂ ಅನುಮಾನವಿದ್ದರೆ, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ ನೀರು ಕೂತಿದ್ದರೆ ತೇವ ಗೋಡೆಯಿಂದಲೇ ಬರುತ್ತಿದೆ; ಹೊರಬದಿಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಕಡಿಮೆಯಾಗುತ್ತದೆ.

ಇನ್ನು ಭಾರದ ಲೆಕ್ಕ. ಪುಸ್ತಕಗಳ ತೂಕ ದೊಡ್ಡದಲ್ಲ. ಯಾರಾದರೂ ಹಲಗೆಯ ಅಂಚಿಗೆ ಕೈಯೂರಿ ಎದ್ದು ನಿಲ್ಲುವ ಗಳಿಗೆಯೇ ಅದಕ್ಕೆ ನಿಜವಾದ ಪರೀಕ್ಷೆ. 45 ಸೆಂಟಿಮೀಟರ್ ಅಗಲದ ಹಲಗೆಯ ಅಂಚಿನ ಮೇಲೆ 40 ಕಿಲೋ ಬಿದ್ದಿತೆನ್ನಿ: ಹಲಗೆಯನ್ನು ಕೆಳಗಿನಿಂದ ಹೊರುವ ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 15 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕಿತ್ತೆಳೆಯುವ ಬಲ ಒಟ್ಟು 120 ಕಿಲೋದಷ್ಟಾಗುತ್ತದೆ. ಆ ಅಂತರವನ್ನು 30 ಸೆಂಟಿಮೀಟರಿಗೆ ಏರಿಸಿದರೆ ಅದೇ ಬಲ 60 ಕಿಲೋಗೆ ಇಳಿಯುತ್ತದೆ. ಆದ್ದರಿಂದ ಬ್ರಾಕೆಟ್ ದಪ್ಪವಾಗಿದೆಯೇ ಎಂದು ನೋಡುವುದಕ್ಕಿಂತ ಅದರ ಲಂಬ ಪಟ್ಟಿ ಎಷ್ಟು ಉದ್ದವಿದೆ ಎಂದು ನೋಡಿ ಕೊಳ್ಳಿರಿ.

ಈ ಲೆಕ್ಕದಲ್ಲಿ ನಿಮ್ಮ ಆಚಾರಿ ಹೇಳಿದ ಸರಪಳಿಯೂ ತಪ್ಪಲ್ಲ. 45 ಡಿಗ್ರಿ ಓರೆಯಲ್ಲಿ ಕಟ್ಟಿದರೆ ಗೋಡೆಯ ಮೇಲಿನ ಎಳೆತ ಇನ್ನೂ ಕಡಿಮೆಯೇ. ಆದರೆ ದಿನಕ್ಕೆ ನಾಲ್ಕೈದು ಗಂಟೆ ಕೂತು ಬರೆಯುವವರ ಮೊಣಕೈಗೆ ಅದು ತಾಗುತ್ತಲೇ ಇರುತ್ತದೆ. ಅಪರೂಪಕ್ಕೆ ಬಿಚ್ಚುವ ಇಸ್ತ್ರಿ ಹಲಗೆಗೆ ಸರಪಳಿ ಸರಿ, ಓದುಮೇಜಿಗೆ ಕೆಳಗಿನಿಂದ ಬಾಗಿಲಿನಂತೆ ತಿರುಗಿ ನಿಲ್ಲುವ ಬ್ರಾಕೆಟ್ಟೇ ಮೇಲು.

ಹಲಗೆ 90 ಸೆಂಟಿಮೀಟರ್ ಉದ್ದ, ನೆಲದಿಂದ 75 ಸೆಂಟಿಮೀಟರ್ ಎತ್ತರದಲ್ಲಿರಲಿ. ಮೊದಲು ಗೋಡೆಗೆ ಗಟ್ಟಿ ಮರದ ಅಡ್ಡಪಟ್ಟಿಯೊಂದನ್ನು ಕೂರಿಸಿ, ಅದಕ್ಕೆ ಪೂರ್ತಿ ಉದ್ದದ ಸ್ಟೇನ್‌ಲೆಸ್ ಸ್ಟೀಲ್ ಪಿಯಾನೊ ಹಿಂಜಿನಿಂದ ಹಲಗೆಯನ್ನು ಜೋಡಿಸಬೇಕು. ಇಲ್ಲಿ ಹಲವರು ಎಡವುವುದು ಪಟ್ಟಿಯ ದಪ್ಪದಲ್ಲಿ: ಮಡಚಿದ ಬ್ರಾಕೆಟ್ ಗೋಡೆಯಿಂದ 25 ಮಿಲಿಮೀಟರ್ ಮುಂದಕ್ಕೆ ಬರುವುದಾದರೆ, ಪಟ್ಟಿಯೂ ಕನಿಷ್ಠ ಅಷ್ಟು ದಪ್ಪವಿರಬೇಕು, ಇಲ್ಲವಾದರೆ ಇಳಿಬಿಟ್ಟ ಹಲಗೆ ನೇರವಾಗಿ ನಿಲ್ಲದೆ ಹೊರಕ್ಕೆ ಚಾಚಿಕೊಂಡು, ಹಿಂಜಿನ ಸ್ಕ್ರೂಗಳು ಸಡಿಲವಾಗುತ್ತವೆ. ಪಟ್ಟಿಯಿಂದಾಗಿ ಗೋಡೆಗೂ ಹಲಗೆಗೂ ನಡುವೆ ಉಳಿಯುವ ಸಂದಿಯಲ್ಲಿ ಗಾಳಿಯೂ ಆಡುತ್ತದೆ. ಬ್ರಾಕೆಟ್ಟಿನ ತೋಳು 30ರಿಂದ 35 ಸೆಂಟಿಮೀಟರ್ ಇದ್ದರೆ ಎರಡೂ ತೋಳುಗಳು ಒಳಕ್ಕೆ ಮಡಚಿದಾಗ ಒಂದಕ್ಕೊಂದು ತಾಗುವುದಿಲ್ಲ. ತೆರೆದಾಗ ತೋಳು ಕಾಲಿಗೆ ತಾಗಿ ಸರಿಯದಂತೆ ಹಲಗೆಯ ಅಡಿಯಲ್ಲಿ ಚಿಕ್ಕ ಮರದ ತಡೆಗಳನ್ನು ಹೊಡೆಸಿ.

ಡ್ರಿಲ್ ಮಾಡುವಾಗ ಬಿಟ್ ಒಮ್ಮೆಲೇ ಒಳಕ್ಕೆ ಜಾರಿದರೆ ಅದು ಟೊಳ್ಳು ಬ್ಲಾಕ್. ಅದಕ್ಕೆ ಸಾಮಾನ್ಯ ಪ್ಲಗ್ಗನ್ನು ನಂಬದೆ, ಆಚೆಯ ಕೋಣೆಯವರೆಗೂ ತೂರುವ ಬೋಲ್ಟ್ ಹಾಕಿ, ಅಲ್ಲಿ ಅಗಲವಾದ ಲೋಹದ ಪಟ್ಟಿಯಿಟ್ಟು ನಟ್ ಬಿಗಿಸಿ. ಗಟ್ಟಿ ಬ್ಲಾಕ್ ಆದರೆ ಪ್ಲಗ್ಗು ಗಾರೆಯನ್ನು ದಾಟಿ 50 ಮಿಲಿಮೀಟರ್ ಒಳಹೋಗಬೇಕು. ಗಾರೆಯ ದಪ್ಪವನ್ನು ಹಿಡಿತದ ಲೆಕ್ಕಕ್ಕೆ ಸೇರಿಸಬೇಡಿ. ಮರದ ಬೆಣೆ ಬಡಿದು ಅದಕ್ಕೆ ಸ್ಕ್ರೂ ಹಾಕುವ ಹಳೆಯ ರೂಢಿಯನ್ನು ಇಲ್ಲಿ ಒಪ್ಪಬೇಡಿ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಬೆಣೆ ಮಾರ್ಚಿನ ಬಿಸಿಲಿಗೆ ಒಣಗಿ ಕುಗ್ಗುತ್ತದೆ.

ಸಿಲ್ವರ್ ಓಕ್ ವಿಷಯ. ಒಂದು ಅಂಗುಲ ದಪ್ಪದ ಹಲಗೆ ನೆರಳಿನಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕೆಂಬುದು ವಾಡಿಕೆಯ ಲೆಕ್ಕ; ಕೊಡಗಿನ ಮಳೆಗಾಲದ ತಿಂಗಳುಗಳನ್ನು ಅದರಲ್ಲಿ ಹಿಡಿಯುವಂತಿಲ್ಲ. ಅಗಲದ ಹಸಿ ಹಲಗೆ ಬಾಗುವುದು, ಕುಟ್ಟೆಹುಳು ಬೀಳುವುದು ಎರಡೂ ಸಂಭವ. ಓದುಮೇಜಿಗೆ 18 ಮಿಲಿಮೀಟರಿನ, ಐಎಸ್ 710 ಗುರುತಿರುವ (ನೀರು ತಡೆಯುವ ಮರೈನ್ ದರ್ಜೆಯ) ಪ್ಲೈವುಡ್ ತರಿಸಿ. ಈ ಅಳತೆಗೆ ಅದರ ತೂಕ 5 ಕಿಲೋ ಆಸುಪಾಸು, ಮಗಳು ಒಂದೇ ಕೈಯಲ್ಲಿ ಎತ್ತಬಹುದು. ಮೇಲೆ ಮಾತ್ರ ಲ್ಯಾಮಿನೇಟ್ ಅಂಟಿಸಿ ಅಡಿಯನ್ನು ಬರಿದಾಗಿ ಬಿಟ್ಟರೆ ಒಂದೇ ಬದಿ ತೇವ ಹೀರಿ ಪ್ಲೈವುಡ್ಡೂ ಬಾಗುತ್ತದೆ. ಎರಡೂ ಮೈ, ನಾಲ್ಕೂ ಅಂಚು, ಸ್ಕ್ರೂ ತೂತುಗಳ ಒಳಗೂ ಲೇಪನ ಆಗಬೇಕು.

ತೋಟದ ಹಲಗೆಗಳಿಗೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಕೊಡಿಸಿ, ನಡುನಡುವೆ ರೀಪು ಇಟ್ಟು ಅಟ್ಟದಲ್ಲಿ ಪೇರಿಸಿಡಿ. ಚೆನ್ನಾಗಿ ಒಣಗಿದ ಮೇಲೆ ಅವುಗಳಿಂದ ಅದೇ ಗೋಡೆಯಲ್ಲಿ, ಓದುಮೇಜಿನ ಮೇಲ್ಗಡೆ, ಅಗಲ ಕಡಿಮೆಯಿರುವ ಪುಸ್ತಕದ ಕಪಾಟು ಮಾಡಿಸಬಹುದು.